ಕಾರ್ಡಲ್ಲಿ ಕಾಪರ್-ಟಿ 380ಎ ಅಂತ ಬರೆದಿದ್ರೆ ಅದನ್ನ ಓದೋದು ಹೇಗೆ

ವಂಕಿ, ಅಂದ್ರೆ ಗರ್ಭ ನಿಲ್ಲದ ಹಾಗೆ ಗರ್ಭಕೋಶದೊಳಗೆ ಹಾಕೋ ಸಾಧನ, ಹಾಕಿಸ್ಕೊಂಡೋರನ್ನ ಯಾವುದು ಹಾಕಿದ್ರು ಅಂತ ಕೇಳಿ ನೋಡಿ, "ಕಾಪರ್ಟಿ" ಅಂತಾರೆ, ಅದಕ್ಕಿಂತ ಮುಂದೆ ಹೋಗಲ್ಲ. ಆದ್ರೆ ತಾಯಿ ಕಾರ್ಡಲ್ಲೋ ಡಿಸ್ಚಾರ್ಜ್ ಚೀಟಿಲೋ ಒಂದು ಮೂಲೇಲಿ ಡಾಕ್ಟ್ರ ಕೈಬರಹದಲ್ಲಿ 380ಎ ಅಂತಲೋ 375 ಅಂತಲೋ ಇರುತ್ತೆ ನೋಡಿ, ಅದೇ ಮುಖ್ಯ, ಯಾಕಂದ್ರೆ ಯಾವಾಗ ತೆಗೆಸ್ಬೇಕು ಅನ್ನೋದು ಆ ನಂಬರಿನ ಮೇಲೆ ನಿಂತಿದೆ.

380 ಅಂದ್ರೆ ಒಟ್ಟು ತಾಮ್ರದ ಮೇಲ್ಮೈ 380 ಚದರ ಮಿಲಿಮೀಟರ್. ಸಣ್ಣ ಪ್ಲಾಸ್ಟಿಕ್ ಟಿ ಅದು, 36 ಮಿಲಿಮೀಟರ್ ಉದ್ದ 32 ಅಗಲ, ಕಾಲಿಗೆ ತಾಮ್ರದ ತಂತಿ ಸುತ್ತಿರ್ತಾರೆ, ಎರಡು ಕೈಗೂ ಒಂದೊಂದು ತಾಮ್ರದ ಪಟ್ಟಿ ಇರುತ್ತೆ, ಕೈ ಮೇಲೂ ತಾಮ್ರ ಇದೆ ಅಂತ ಹೇಳೋಕೇ ಆ 'ಎ'. ತಾಮ್ರ ಇದ್ರೆ ವೀರ್ಯಾಣು ಮೊಟ್ಟೆ ಹತ್ರ ಹೋಗಿ ಕೂಡೋಕಾಗಲ್ಲ. ಇದು 10 ವರ್ಷ ನಡಿಯುತ್ತೆ, ಮೊದಲ ವರ್ಷದಲ್ಲಿ 100 ಜನರಲ್ಲಿ ಒಬ್ಬರಿಗಿಂತ ಕಡಿಮೆ ಗರ್ಭಿಣಿ ಆಗ್ತಾರೆ. 375 ಅಂತಿದ್ರೆ ಕೈ ಬಾಗಿರುತ್ತೆ, ಕುದುರೆ ಲಾಳದ ಥರ, ಅದು 5 ವರ್ಷಕ್ಕೆ ಮಾತ್ರ. ಸರ್ಕಾರಿ ಆಸ್ಪತ್ರೇಲಿ ಎರಡೂ ಫ್ರೀ. ಪ್ರೈವೇಟಲ್ಲಿ ಹಾರ್ಮೋನ್ ಇರೋ ವಂಕಿ ಹಾಕಿದ್ರೆ ಅದರ ಲೆಕ್ಕಾನೇ ಬೇರೆ, ಅದರಲ್ಲಿ ತಾಮ್ರ ಇರಲ್ಲ.

ಎಲ್ಲರೂ ಎಡವೋದು ಪ್ಯಾಕೆಟ್ ಮೇಲಿನ ಎಕ್ಸ್‌ಪೈರಿ ಡೇಟಲ್ಲಿ. ಅದು ಹಾಕೋಕೆ ಇರೋ ಕೊನೇ ದಿನ, ತೆಗೆಯೋ ದಿನ ಅಲ್ಲ. ಎಕ್ಸ್‌ಪೈರಿಗೆ ಒಂದು ವಾರ ಮುಂಚೆ ಹಾಕಿದ್ರೂ 380ಎ ಪೂರ್ತಿ 10 ವರ್ಷ ಕೆಲಸ ಮಾಡುತ್ತೆ. ಹಾಗಾಗಿ ಬರೆದಿಟ್ಕೊಳ್ಬೇಕಾಗಿದ್ದು ಹಾಕಿದ ತಾರೀಖು, ನಂಬರು, ತೆಗೆಸೋ ವರ್ಷ, ಅಷ್ಟೇ. ಕಾರ್ಡನ್ನ ಮೊಬೈಲಲ್ಲಿ ಒಂದು ಫೋಟೋ ಹೊಡ್ಕೊಳಿ, ಯಾಕಂದ್ರೆ ಇಲ್ಲಿ ಕೊಡಗಲ್ಲಿ ಕಾಫಿ ಎಸ್ಟೇಟಿನ ಲೈನ್ ಮನೇಲಿರೋ ಕೆಲಸದೋರು ಸೀಸನ್ ಮುಗಿದ ಮೇಲೆ ಇನ್ನೊಂದು ಎಸ್ಟೇಟಿಗೆ ಹೋಗ್ತಾರೆ, ಇಲ್ಲ ಹುಣಸೂರು ಪಿರಿಯಾಪಟ್ಟಣ ಕಡೆ ಊರಿಗೆ ವಾಪಸ್ ಹೋಗ್ತಾರೆ, ಕಾರ್ಡು ಎಲ್ಲೋ ಮಳೇಲಿ ನೆಂದು ಹೋಗಿರುತ್ತೆ.

ನಂಬರ್ ಪಕ್ಕ ಪಿಪಿ ಅಂತಿದ್ರೆ ಹೆರಿಗೆ ಆದ್ಮೇಲೆ 48 ಗಂಟೆ ಒಳಗೆ ಹಾಕಿದ್ದು. 48 ಗಂಟೆ ದಾಟಿದ್ರೆ ಆರು ವಾರ ಕಾಯಿಸ್ತಾರೆ, ಆಮೇಲೆ ಹಾಕೋದಕ್ಕೆ ಇಂಟರ್ವಲ್ ಅಂತಾರೆ. ಪಿಪಿ ಬೇಕೋ ಬೇಡವೋ ಅಂತ ಏಳೆಂಟು ತಿಂಗಳಲ್ಲೇ ಚೆಕಪ್‌ಗೆ ಹೋದಾಗ ಸಿಸ್ಟರ್ ಹತ್ರ ಕೂತು ಮಾತಾಡಿ ತೀರ್ಮಾನ ಮಾಡಿ, ನೋವಲ್ಲಿರುವಾಗ ಯಾರೋ ಕೇಳಿ ನೀವು ಹೂಂ ಅಂದುಬಿಡೋದು ಒಪ್ಪಿಗೆ ಅಲ್ಲ ಅಂತ ನನ್ನ ಅಭಿಪ್ರಾಯ. ಬಾಣಂತಿ ಹಾಲು ಕೊಡ್ತಿದ್ರೂ ತೊಂದರೆ ಇಲ್ಲ. ಆದ್ರೆ ಪಿಪಿ ಹಾಕಿದ್ದು ಜಾರಿ ಬರೋ ಸಾಧ್ಯತೆ ಸ್ವಲ್ಪ ಜಾಸ್ತಿ, ಅದಕ್ಕೇ ಆರು ವಾರಕ್ಕೆ ತೋರಿಸೋದನ್ನ ತಪ್ಪಿಸ್ಬೇಡಿ.

ಕಾಫಿ ಮೂಟೆ ಎತ್ತಿದ್ರೆ, ಮೆಣಸಿನ ಏಣಿ ಹತ್ತಿದ್ರೆ ವಂಕಿ ಬಿದ್ದೋಗುತ್ತೆ ಅಂತ ಇಲ್ಲಿ ಎಲ್ಲರೂ ಹೇಳ್ತಾರೆ. ಸುಳ್ಳು. ಹೃದಯಕ್ಕೆ ಏರುತ್ತೆ ಅನ್ನೋದೂ ಸುಳ್ಳು. ನಿಜವಾಗ್ಲೂ ಆಗೋದು ಏನಂದ್ರೆ ಮೊದಲ ಮೂರರಿಂದ ಆರು ತಿಂಗಳು ಮುಟ್ಟು ಜೋರಾಗಿ ಹೋಗುತ್ತೆ, ಕಿಬ್ಬೊಟ್ಟೆ ಹಿಡ್ಕೊಳುತ್ತೆ, ಆಮೇಲೆ ತುಂಬಾ ಜನಕ್ಕೆ ಕಡಿಮೆ ಆಗುತ್ತೆ. ತೋಟದಲ್ಲಿ ಬಟ್ಟೆ ಬದಲಾಯಿಸೋಕೆ ಜಾಗ ಇಲ್ಲದೆ ಇಡೀ ದಿನ ಹಣ್ಣು ಕುಯ್ಯೋರಿಗೆ ಇದು ಸಣ್ಣ ವಿಷಯ ಅಲ್ಲ, ಹಾಗಾಗಿ ಆಗೋದಾದ್ರೆ ಮಳೆಗಾಲದಲ್ಲೇ ಹಾಕಿಸ್ಕೊಳಿ, ರೋಬಸ್ಟಾ ಕುಯ್ಲು ಬರೋ ಹೊತ್ತಿಗೆ ಒಂದು ಹದಕ್ಕೆ ಬಂದಿರುತ್ತೆ. ಆದ್ರೆ ಸೀಸನ್ ಮುಗೀಲಿ ಅಂತ ಏನೂ ಇಲ್ಲದೆ ಕಾಯ್ಬೇಡಿ, ಅಲ್ಲಿವರೆಗೆ ಕಾಂಡೋಮ್, ಇಲ್ಲ ಛಾಯಾ ಅನ್ನೋ ಗರ್ಭ ತಡೆಯೋ ಮಾತ್ರೆ, ಇಲ್ಲ ಅದಕ್ಕೇ ಇರೋ ಅಂತರಾ ಇಂಜೆಕ್ಷನ್, ಮೂರೂ ಸರ್ಕಾರಿ ಆಸ್ಪತ್ರೇಲಿ ಕೇಳಿ. ಮೊದಲೇ ರಕ್ತ ಕಡಿಮೆ ಇದ್ರೆ ಹೇಳ್ಬಿಡಿ. ಕಾರಣ ಗೊತ್ತಿಲ್ಲದೆ ರಕ್ತ ಹೋಗ್ತಿದ್ರೆ, ಗರ್ಭಕೋಶದಲ್ಲಿ ಸೋಂಕಿದ್ರೆ ಈಗ ಹಾಕಲ್ಲ.

ವಂಕಿ ಜಾಗದಲ್ಲೇ ಇದೆಯಾ ಅಂತ ಅದರ ತುದೀಲಿರೋ ದಾರ ಚೆಕ್ ಮಾಡೋದು ಹೀಗೆ: ಮುಟ್ಟು ನಿಂತ ಮೇಲೆ ಕೈ ಸೋಪಲ್ಲಿ ತೊಳ್ಕೊಂಡು ಕುಕ್ಕರಗಾಲಲ್ಲಿ ಕೂತು ಒಂದು ಬೆರಳು ಒಳಗೆ ಹಾಕಿ, ಮೂಗಿನ ತುದಿಯಷ್ಟು ಗಟ್ಟಿಯಾಗಿ ಸಿಗೋದೇ ಗರ್ಭಕೋಶದ ಬಾಯಿ, ಅಲ್ಲಿ ಎರಡು ಎಳೆ ತಾಗುತ್ತೆ, ಎಳೀಬೇಡಿ. ಪಿಪಿ ಆದ್ರೆ ದಾರ ಕೆಳಗೆ ಇಳಿಯೋಕೆ ಕೆಲವು ವಾರ ಬೇಕು. ದಾರ ಸಿಗ್ತಿಲ್ಲ, ಉದ್ದ ಆಗಿದೆ, ಗಟ್ಟಿ ಪ್ಲಾಸ್ಟಿಕ್ ತಾಗ್ತಿದೆ ಅಂದ್ರೆ ಕಾಂಡೋಮ್ ಬಳಸ್ತಾ ಬೇಗ ಹೋಗಿ ತೋರಿಸಿ, ಸ್ಕ್ಯಾನ್ ಮಾಡಿ ನೋಡ್ತಾರೆ. ಜ್ವರ, ವಾಸನೆ ಇರೋ ಬಿಳಿಸೆರಗು, ಡೇಟ್ ತಪ್ಪಿ ಹೊಟ್ಟೆ ನೋವು ಬಂತು ಅಂದ್ರೆ ಅವತ್ತೇ ಹೊರಡಿ, ಅದರಲ್ಲೂ ಕೊನೇದು ಟ್ಯೂಬಲ್ಲಿ ನಿಂತ ಗರ್ಭ ಆಗಿರ್ಬಹುದು, ಮಡಿಕೇರಿ ಜಿಲ್ಲಾ ಆಸ್ಪತ್ರೆಗೆ ದೂರ ಅಂತ ನಾಳೆಗೆ ಬಿಡೋ ವಿಷಯ ಅಲ್ಲ. ಎಚ್‌ಐವಿಗೆ ಇದು ತಡೆ ಅಲ್ಲ, ಅದಕ್ಕೆ ಕಾಂಡೋಮೇ ಬೇಕು.

ಇನ್ನೊಂದು ಉಪಯೋಗ ತುಂಬಾ ಜನಕ್ಕೆ ಗೊತ್ತೇ ಇಲ್ಲ, ಕಾಂಡೋಮ್ ಹರಿದು ಹೋಯ್ತು ಅಂದ್ರೆ 5 ದಿನದೊಳಗೆ ಕಾಪರ್-ಟಿ ಹಾಕಿಸಿದ್ರೆ ಎಮರ್ಜೆನ್ಸಿಗೂ ಆಗುತ್ತೆ, ಮುಂದಕ್ಕೂ ಆಗುತ್ತೆ.

ತೆಗೆಸೋಕೆ 10 ವರ್ಷ ಆಗ್ಲೇಬೇಕು ಅಂತೇನಿಲ್ಲ, ಮಗು ಬೇಕು ಅನ್ಸಿದಾಗ ಹೋಗಿ, ತೆಗೆದ ಮೇಲೆ ಗರ್ಭ ನಿಲ್ಲೋಕೆ ತಡ ಆಗಲ್ಲ, ಯಾವ ಕಾರಣಕ್ಕೆ ಅಂತ ಯಾರಿಗೂ ಲೆಕ್ಕ ಕೊಡ್ಬೇಕಾಗಿಲ್ಲ. ಬರೀ ಬದಲಾಯಿಸೋದಾದ್ರೆ ಹಳೇದು ತೆಗೆದು ಅದೇ ಹೊತ್ತಲ್ಲಿ ಹೊಸದು ಹಾಕ್ಬಹುದು, ಆದ್ರೆ ಈ ಸಲ ಯಾವ ನಂಬರ್ ಹಾಕಿದ್ರಿ ಅಂತ ಟೇಬಲಿಂದ ಇಳಿಯೋ ಮುಂಚೆನೇ ಕೇಳಿ.