ಗೋಲ್ಡ್ ಯಾಕೆ ಅವ್ಳಿಗೇ ಬಂತು? ಜಿಮ್ನಾಸ್ಟಿಕ್ಸ್ ಸ್ಕೋರ್‌ಶೀಟ್ ಓದೋದು ಹೀಗೆ

ಟಿವೀಲಿ ನೋಡ್ತಾ "ಅಯ್ಯೋ ಇವ್ಳೇ ಅಲ್ವಾ ಚೆನ್ನಾಗಿ ಹಾರಿದ್ದು" ಅಂತ ತಲೆ ಕೆರ್ಕೊಂಡಿದ್ರೆ ಮೊದ್ಲು ಟೋಟಲ್ ನೋಡೋದು ಬಿಡಿ, ಪಕ್ಕದ ಮೂರು ನಂಬರ್ ನೋಡಿ. ಡಿ ಅಂದ್ರೆ ಎಷ್ಟು ಕಷ್ಟದ್ದು ಮಾಡಿದ್ರು ಅಂತ. ಇ ಅಂದ್ರೆ ಎಷ್ಟು ನೀಟಾಗಿ ಮಾಡಿದ್ರು ಅಂತ, ಅದು 10ರಿಂದ ಶುರುವಾಗಿ ಇಳೀತಾ ಹೋಗುತ್ತೆ, ಬಿದ್ರೆ ಒಂದೇ ಏಟಿಗೆ 1 ಪಾಯಿಂಟ್ ಖಲಾಸ್. ಮೂರನೇದು ಪೆನಾಲ್ಟಿ. ಡಿ, ಇ ಕೂಡಿಸಿ ಪೆನಾಲ್ಟಿ ಕಳೆದ್ರೆ ಟೋಟಲ್.

ಈಗ 2024ರ ಪ್ಯಾರಿಸ್ ಒಲಿಂಪಿಕ್ಸ್ ಹೆಂಗಸರ ಫ್ಲೋರ್ (ಗೆರೆ ಹಾಕಿದ ಚೌಕದ ಒಳಗೆ ನೆಲದ ಮೇಲೆ ಮಾಡೋದು) ಫೈನಲ್ ತಗೊಳ್ಳಿ. ಅಮೆರಿಕದ ಸಿಮೋನ್ ಬೈಲ್ಸ್ ಡಿ 6.9, ಬ್ರೆಜಿಲ್‌ನ ರೆಬೆಕಾ ಆಂಡ್ರಾಡೆ ಡಿ 5.9, ಅಂದ್ರೆ ಬೈಲ್ಸ್ ಶುರುವಲ್ಲೇ ಪೂರ್ತಿ 1 ಪಾಯಿಂಟ್ ಮುಂದೆ. ಆದ್ರೆ ಇ ನೋಡಿ, ಬೈಲ್ಸ್‌ಗೆ 7.833, ಆಂಡ್ರಾಡೆಗೆ 8.266. ಅಷ್ಟಾದ್ರೂ ಬೈಲ್ಸೇ ಗೆಲ್ತಿದ್ಳು, ಆದ್ರೆ ಎರಡು ಸಲ ಗೆರೆ ದಾಟಿದ್ಳು ನೋಡಿ, ಅದಕ್ಕೆ 0.6 ಕಟ್. ಕೊನೆಗೆ ಆಂಡ್ರಾಡೆ 14.166, ಬೈಲ್ಸ್ 14.133, ಗೋಲ್ಡ್ ಆಂಡ್ರಾಡೆಗೆ. ಮೈಮೇಲೆ ರೆಕ್ಕೆ ಇದ್ರೂ ಕಾಲು ಗೆರೆ ಒಳಗೇ ಇಳೀಬೇಕು.

ಕಂಚಿನದ್ದು ದೊಡ್ಡ ರಾಮಾಯಣ. ರೊಮೇನಿಯಾದ ಆನಾ ಬರ್ಬೋಸು, ಸಬ್ರಿನಾ ಮನೇಕಾ ವೊಯ್ನೇಯಾ ಇಬ್ರಿಗೂ 13.700, ಟೈ ಆದ್ರೆ ಇ ಜಾಸ್ತಿ ಇರೋರು ಮೇಲೆ, ಹಾಗಾಗಿ ಬರ್ಬೋಸು ಮೂರನೇದು. ಅಷ್ಟ್ರಲ್ಲಿ ಅಮೆರಿಕದ ಜೋರ್ಡನ್ ಚೈಲ್ಸ್ ಕೋಚ್ ಹೋಗಿ ಡಿ ತಪ್ಪಿದೆ ಅಂತ ಕೇಳಿದ್ರು, 13.666 ಇದ್ದದ್ದು 13.766 ಆಯ್ತು, ಕಂಚು ಅವ್ಳ ಕೊರಳಿಗೆ. ಕೊನೇಲಿ ಆಡಿದವ್ರಿಗೆ ಹಾಗೆ ಕೇಳೋಕೆ ಇದ್ದದ್ದು 1 ನಿಮಿಷ, ಇವ್ರು 4 ಸೆಕೆಂಡ್ ಲೇಟು ಅಂತ ಕ್ರೀಡಾ ನ್ಯಾಯಮಂಡಳಿ ಹೇಳಿ ಮೆಡಲ್ ಬರ್ಬೋಸುಗೆ ಹೋಯ್ತು. ಕೇಸು ಸ್ವಿಸ್ ಕೋರ್ಟಿಗೂ ಹತ್ತಿತು. ಅದಕ್ಕೇ ಹೇಳೋದು, ಸ್ಕೋರ್ ಬಂದ ತಕ್ಷಣ ಸ್ಟೇಟಸ್ ಹಾಕ್ಬೇಡಿ, ಸ್ವಲ್ಪ ಕಾಯಿರಿ.

ವಾಲ್ಟ್ (ಓಡಿ ಬಂದು ಮೇಜಿನ ಮೇಲೆ ಕೈಯೂರಿ ಹಾರೋದು) ಫೈನಲ್ ಆದ್ರೆ ಲೆಕ್ಕ ಬೇರೆ, ಎರಡು ಹಾರಿ ಸರಾಸರಿ ತೆಗೀತಾರೆ. ರಿಯೋ 2016ರಲ್ಲಿ ನಮ್ಮ ದೀಪಾ ಕರ್ಮಾಕರ್ ಮೊದಲ ಹಾರಿಕೆಗೆ 14.866, ಆಮೇಲೆ ಪ್ರೊಡುನೋವಾ ಅನ್ನೋ ತುಂಬಾ ಕಷ್ಟದ ಹಾರಿಕೆಗೆ 15.266, ಸರಾಸರಿ 15.066, ನಾಲ್ಕನೇ ಸ್ಥಾನ. ಕಂಚು ಗೆದ್ದ ಜೂಲಿಯಾ ಸ್ಟೈನ್‌ಗ್ರೂಬರ್ 15.216. ಆ 0.15 ಇವತ್ತಿಗೂ ಹೊಟ್ಟೆ ಉರಿಸುತ್ತೆ ಮಾರಾಯ್ರೆ.