ವೈರ್, ಲೋಕಲ್, ಪ್ರಾಪರ್ಟಿ ನೋಡ್: ಅಡಿಕೆ ಡ್ರೈಯರ್‌ಗೆ ನಾನು ಮಾಡಿಕೊಂಡ ಏರ್ಪಾಡು

ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ಬೇಯಿಸಿದ ಅಡಿಕೆಯನ್ನು ಅಂಗಳದಲ್ಲಿ ಹರವಿ ಮೋಡ ನೋಡುತ್ತಾ ಕೂರಬೇಕು. ಅದಕ್ಕೇ ಹವ್ಯಾಸಕ್ಕೆ ಅಂತ ಪುಟ್ಟದೊಂದು ಡ್ರೈಯರ್ ಪೆಟ್ಟಿಗೆ ಕಟ್ಟಿಕೊಂಡೆ. ಒಂದು ಆರ್ಡುಯಿನೊ ಊನೊ (ಪುಟ್ಟ ಕಂಟ್ರೋಲರ್ ಬೋರ್ಡ್), ಒಳಗೆ ಬಿಸಿ ಅಳೆಯುವ ಎಲ್‌ಎಂ35 ಸೆನ್ಸರ್, ಒಂದು ಫ್ಯಾನ್, ಒಂದು ಹೀಟರ್. ಪ್ರೋಗ್ರಾಂ ಮಾತ್ರ ಲ್ಯಾಬ್‌ವ್ಯೂನಲ್ಲಿ, ಅಂದರೆ ಸಾಲು ಬರೆಯುವ ಬದಲು ಚಿತ್ರಗಳ ನಡುವೆ ವೈರ್ ಎಳೆದು ಪ್ರೋಗ್ರಾಂ ಮಾಡುವ ಸಾಫ್ಟ್‌ವೇರ್‌ನಲ್ಲಿ. 2020ರಲ್ಲಿ ಬಂದ ಅದರ ಕಮ್ಯುನಿಟಿ ಎಡಿಷನ್ ಇಂಥ ಹವ್ಯಾಸದ ಕೆಲಸಕ್ಕೆ ಉಚಿತ. ಆರ್ಡುಯಿನೊ ಜೊತೆ ಮಾತಾಡುವ ಲಿಂಕ್ಸ್ ಟೂಲ್‌ಕಿಟ್ ಕೂಡ ಅದರ ಜೊತೆಗೇ ಬಂದಿತ್ತು.

ಎಲ್‌ಎಂ35 ಒಂದು ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. ಊನೊದಲ್ಲಿ ವೋಲ್ಟೇಜನ್ನು ನಂಬರ್ ಮಾಡುವ 10 ಬಿಟ್ ಎಡಿಸಿಯಲ್ಲಿ ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಅಂದರೆ ಅರ್ಧ ಡಿಗ್ರಿ ಲೆಕ್ಕ ಸಿಗುತ್ತದೆ. ಅಡಿಕೆಗೆ ಅಷ್ಟು ಸಾಕು. ತಲೆ ಕೆಡಿಸಿದ್ದು ಸೆನ್ಸರ್ ಅಲ್ಲ, ಪರದೆ. ಒಂದು ನಂಬರನ್ನು ಪರದೆಗೆ ತಲುಪಿಸಲು ಲ್ಯಾಬ್‌ವ್ಯೂನಲ್ಲಿ ಮೂರ್ನಾಲ್ಕು ದಾರಿ ಇವೆ. ಮೇಲ್ನೋಟಕ್ಕೆ ಎಲ್ಲವೂ ಒಂದೇ ಕೆಲಸ ಮಾಡುತ್ತವೆ.

ನನ್ನ ಮಟ್ಟಿಗೆ ಮೊದಲ ಆಯ್ಕೆ ಯಾವಾಗಲೂ ವೈರ್. ಟರ್ಮಿನಲ್‌ಗೆ, ಅಂದರೆ ಪರದೆಯ ಆ ನಂಬರಿಗೆ ಪ್ರೋಗ್ರಾಂ ಚಿತ್ರದಲ್ಲಿರುವ ಗುರುತಿಗೆ, ನೇರ ವೈರ್ ಎಳೆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಚಿತ್ರದಲ್ಲೇ ಕಾಣುತ್ತದೆ. ತೊಂದರೆ ಏನೆಂದರೆ, ಟರ್ಮಿನಲ್ ಇರುವುದು ಒಂದೇ. ಎರಡನೇ ಲೂಪಿಗೂ (ಮತ್ತೆ ಮತ್ತೆ ಓಡುವ ತುಂಡಿಗೂ) ಅದೇ ಬೆಲೆ ಬೇಕಾದಾಗ ಜನ, ವೈರ್ ಇಲ್ಲದೆ ಬೇರೆ ಕಡೆಯಿಂದ ಬೆಲೆ ಓದಿ ಬರೆಯುವ ಲೋಕಲ್ ವೇರಿಯಬಲ್ ಕಡೆ ಕೈ ಚಾಚುತ್ತಾರೆ.

ಲೋಕಲ್ ವೇಗವಾಗಿದೆ, ಸುಲಭವಾಗಿದೆ. ಆದರೆ ಒಂದರ ನಂತರ ಒಂದನ್ನು ಕಟ್ಟುವ ಎರರ್ ವೈರ್ ಅದಕ್ಕೆ ಇಲ್ಲ. ಹಾಗಾಗಿ ಸರದಿ ಅನ್ನುವುದೇ ಇಲ್ಲ. ಫ್ಯಾನ್ ಎಷ್ಟು ಸಲ ಆನ್ ಆಯಿತು ಅನ್ನುವ ಲೆಕ್ಕವನ್ನೇ ನೋಡಿ. ಬಿಸಿ ಜಾಸ್ತಿಯಾದಾಗ ಒಂದು ಲೂಪ್ ಅದನ್ನು ಹೆಚ್ಚಿಸುತ್ತದೆ, ಕೈಯಿಂದ ಬಟನ್ ಒತ್ತಿದಾಗ ಇನ್ನೊಂದು ಲೂಪ್. ಲೆಕ್ಕ 40 ಇದೆ ಅನ್ನಿ. ಎರಡೂ ಲೂಪ್ ಒಟ್ಟಿಗೆ ಲೋಕಲ್‌ನಿಂದ 40 ಓದಿದವು, ಎರಡೂ 41 ಬರೆದವು. ಇರಬೇಕಾದ್ದು 42. ಯಾವ ಎರರ್ರೂ ಬರುವುದಿಲ್ಲ, ಸುಮ್ನೆ ಒಂದು ಕಳೆದುಹೋಗುತ್ತದೆ. ಪರದೆಯ ವಸ್ತುವಿನ ಬೆಲೆ, ಬಣ್ಣದಂಥ ಗುಣಗಳನ್ನು ಓದಿ ಬರೆಯುವ ಪ್ರಾಪರ್ಟಿ ನೋಡ್ ಹಾಕಿದರೂ ಇದು ಸರಿಹೋಗುವುದಿಲ್ಲ, ಓದುವುದಕ್ಕೂ ಬರೆಯುವುದಕ್ಕೂ ನಡುವಿನ ಸಂದು ಅಲ್ಲೂ ಇದ್ದೇ ಇರುತ್ತದೆ. ಅದಕ್ಕೆ ನಾನು ಇಟ್ಟುಕೊಂಡ ಕಟ್ಟುಪಾಡು ಇಷ್ಟು: ಒಂದು ಬೆಲೆಗೆ ಬರೆಯುವವನು ಒಬ್ಬನೇ. ಓದುವವರು ಎಷ್ಟು ಜನ ಬೇಕಾದರೂ ಇರಲಿ. ಎರಡು ಕಡೆಯಿಂದ ಬರೆಯಲೇಬೇಕು ಅಂದರೆ ಇಬ್ಬರೂ ಕ್ಯೂಗೆ ಹಾಕುತ್ತಾರೆ, ಒಂದು ಲೂಪ್ ತೆಗೆದು ಕೂಡುತ್ತದೆ.

ಪ್ರಾಪರ್ಟಿ ನೋಡ್‌ನ ವ್ಯಾಲ್ಯೂ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಎರರ್ ವೈರ್ ಇದೆ, ಸರದಿ ಸಿಗುತ್ತದೆ, ನಿಜ. ಆದರೆ ಪ್ರತಿ ಸಲವೂ ಅದು ಪರದೆಯ ಕೆಲಸವನ್ನೆಲ್ಲ ಒಂದೊಂದಾಗಿ ಮಾಡುವ ಯೂಸರ್ ಇಂಟರ್‌ಫೇಸ್ ಥ್ರೆಡ್‌ಗೆ ಹೋಗಿ, ಅಲ್ಲಿ ಕೆಲಸ ಮುಗಿಯುವ ತನಕ ಕಾಯುತ್ತದೆ. ಸೊಸೈಟಿಯಲ್ಲಿ ಒಂದೇ ಕೌಂಟರ್ ಮುಂದೆ ಎಲ್ಲರೂ ನಿಂತ ಹಾಗೆ. ವೈರ್ ಮತ್ತು ಲೋಕಲ್ ಹಾಗಲ್ಲ. ಬೆಲೆಯನ್ನು ಬಫರಿನಲ್ಲಿಟ್ಟು ಮುಂದೆ ಹೋಗುತ್ತವೆ, ಪರದೆ ತನ್ನ ಪಾಡಿಗೆ ಆಮೇಲೆ ಬಣ್ಣ ಬಳಿದುಕೊಳ್ಳುತ್ತದೆ. ನಂಬಿಕೆ ಬರದಿದ್ದರೆ ಒಂದು ಲಕ್ಷ ಸಲ ತಿರುಗುವ ಫಾರ್ ಲೂಪ್ ಹಾಕಿ, ಮುಂದೊಂದು ಹಿಂದೊಂದು ಟಿಕ್ ಕೌಂಟ್ (ಮಿಲಿಸೆಕೆಂಡ್ ಗಡಿಯಾರ) ಇಟ್ಟು ಮೂರನ್ನೂ ಅಳೆದು ನೋಡಿ. ಪ್ರಾಪರ್ಟಿ ನೋಡ್ ಎಷ್ಟು ಹಿಂದೆ ಬೀಳುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಸೆಕೆಂಡಿಗೊಮ್ಮೆ ಬಿಸಿ ತೋರಿಸುವ ನನ್ನ ಪೆಟ್ಟಿಗೆಗೆ ಇದು ಲೆಕ್ಕಕ್ಕೇ ಬರುವುದಿಲ್ಲ, ಒಪ್ಪುತ್ತೇನೆ. ಆದರೂ ಅಭ್ಯಾಸ ಅಭ್ಯಾಸವೇ ಅಲ್ವಾ?

ಹಾಗಂತ ಪ್ರಾಪರ್ಟಿ ನೋಡ್ ಬಿಟ್ಟು ನಡೆಯುವುದೂ ಇಲ್ಲ. ಹೊಸ ಅಡಿಕೆ ಹಾಕಿದಾಗ ಚಾರ್ಟಿನ ಹಳೆಯ ಗೆರೆ ಅಳಿಸಬೇಕು. ಅದಕ್ಕೆ ಹಿಸ್ಟರಿ ಡೇಟಾ ಪ್ರಾಪರ್ಟಿಗೆ ಖಾಲಿ ಅರೇ (ಪಟ್ಟಿ) ಕೊಡಬೇಕು, ಲೋಕಲ್‌ನಿಂದ ಆಗುವ ಕೆಲಸವಲ್ಲ. ಬಿಸಿ ಮಿತಿ ಮೀರಿದಾಗ ನಂಬರ್ ಕೆಂಪಾಗುವುದೂ ಪ್ರಾಪರ್ಟಿಯಿಂದಲೇ. ಆದರೆ ಆ ಬಣ್ಣವನ್ನು ಪ್ರತಿ ಸುತ್ತಿಗೂ ಬರೆಯುವುದಿಲ್ಲ, ಸ್ಥಿತಿ ಬದಲಾದಾಗ ಮಾತ್ರ. ಸಬ್‌ವಿಐ (ಪ್ರೋಗ್ರಾಂ ಒಳಗಿನ ಉಪಪ್ರೋಗ್ರಾಂ) ಒಳಗಿಂದ ಮುಖ್ಯ ಪರದೆಯ ಕಂಟ್ರೋಲ್ ಮುಟ್ಟಬೇಕಾದರೂ ಅಷ್ಟೆ. ಲೋಕಲ್ ಅಲ್ಲಿಗೆ ಹೋಗುವುದಿಲ್ಲ, ರೆಫರೆನ್ಸ್ (ಆ ಕಂಟ್ರೋಲಿನ ವಿಳಾಸ) ಕೊಟ್ಟು ಪ್ರಾಪರ್ಟಿ ನೋಡ್ ಹಾಕಬೇಕು.

ಸ್ಟಾಪ್ ಬಟನ್ ಬೇರೆಯೇ ಜಾತಿ. ಅದು ಲ್ಯಾಚ್ (ಪ್ರೋಗ್ರಾಂ ಓದಿದ ಕೂಡಲೇ ತಾನೇ ಹಿಂದಿರುಗುವ ಬಟನ್) ಆಗಿದ್ದರೆ ಲೋಕಲ್ ಹಾಕಿದ ತಕ್ಷಣ ರನ್ ಬಾಣ ಮುರಿಯುತ್ತದೆ, ಪ್ರೋಗ್ರಾಂ ಓಡುವುದಿಲ್ಲ. ನಾನು ಅದನ್ನು ಒತ್ತಿದ ಹಾಗೇ ಉಳಿಯುವ ಸ್ವಿಚ್ ಮಾಡಿದ್ದೇನೆ, ಪ್ರೋಗ್ರಾಂ ಮುಗಿಯುವಾಗ ಲೋಕಲ್‌ನಿಂದಲೇ ಫಾಲ್ಸ್‌ಗೆ ತರುತ್ತೇನೆ.

ಇನ್ನುಳಿದದ್ದು ವ್ಯಾಲ್ಯೂ ಸಿಗ್ನಲಿಂಗ್, ಅದೂ ಒಂದು ಪ್ರಾಪರ್ಟಿಯೇ. ಲೋಕಲ್‌ನಿಂದ ಬರೆದರೆ ಬೆಲೆ ಬದಲಾಗುತ್ತದೆ, ಆದರೆ ಬಟನ್ ಒತ್ತಿದ್ದು, ನಾಬ್ ತಿರುಗಿಸಿದ್ದು ಗಮನಿಸಿ ಕೆಲಸ ಮಾಡುವ ಈವೆಂಟ್ ಸ್ಟ್ರಕ್ಚರಿಗೆ ಗೊತ್ತಾಗುವುದಿಲ್ಲ. ಸಿಗ್ನಲಿಂಗ್‌ನಿಂದ ಬರೆದರೆ ಮನುಷ್ಯನೇ ಕೈಯಿಂದ ತಿರುಗಿಸಿದ ಹಾಗೆ ವ್ಯಾಲ್ಯೂ ಚೇಂಜ್ ಈವೆಂಟ್ ಏಳುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗುವುದು ಹೊಸದಲ್ಲ. ಹಾಗಾಗಿ ಎಷ್ಟು ಬಿಸಿ ಬೇಕು ಅನ್ನುವ ಸೆಟ್‌ಪಾಯಿಂಟನ್ನು ಫೈಲಿನಲ್ಲಿ ಬರೆದಿಡುತ್ತೇನೆ. ಕರೆಂಟ್ ಬಂದು ಪ್ರೋಗ್ರಾಂ ಮತ್ತೆ ಎದ್ದಾಗ ಫೈಲಿನಿಂದ ಓದಿ ಸಿಗ್ನಲಿಂಗ್ ಮೂಲಕ ಪರದೆಯ ಸೆಟ್‌ಪಾಯಿಂಟ್ ನಾಬ್‌ಗೆ ಕೊಡುತ್ತೇನೆ. ನಾಬ್ ತಿರುಗಿಸಿದಾಗ ಓಡುವ ಕೇಸ್ ತಾನಾಗಿ ಓಡುತ್ತದೆ, ಅದೇ ಕೋಡನ್ನು ಇನ್ನೊಂದು ಕಡೆ ಬರೆಯುವ ಕೆಲಸವಿಲ್ಲ. ಒಂದೇ ಎಚ್ಚರ: ನಾಬ್‌ನ ಈವೆಂಟ್ ಕೇಸ್ ಒಳಗೇ ಅದೇ ನಾಬ್‌ಗೆ ಸಿಗ್ನಲಿಂಗ್‌ನಿಂದ ಬರೆಯಬೇಡಿ. ಈವೆಂಟ್ ತನ್ನನ್ನು ತಾನೇ ಎಬ್ಬಿಸಿಕೊಳ್ಳುತ್ತಾ ಸುತ್ತುತ್ತಲೇ ಇರುತ್ತದೆ. ಅಲ್ಲಿ ಲೋಕಲ್ ಸಾಕು.