ನಾಲ್ಕರ ಬದಲು ಎರಡಕ್ಕೆ ಬಿದ್ದ ಗೇರ್: ಮತ್ತೆ ಸೆಲ್ಫ್ ಹೊಡೆಯುವ ಮೊದಲು

ಸುರತ್ಕಲ್ ದಾಟಿ ಪಡುಬಿದ್ರಿ ಕಡೆಗೆ ಹೋಗುವಾಗ ಲಾರಿ ಹಿಂದಿಕ್ಕಲು ಮೂರನೇ ಗೇರಿನಲ್ಲಿ 5,000 ಆರ್‌ಪಿಎಂವರೆಗೆ ಎಳೆದಿರಿ. ನಾಲ್ಕಕ್ಕೆ ಹಾಕುವ ಅವಸರದಲ್ಲಿ ಲಿವರ್ ಎಡಕ್ಕೆ ಜಾರಿ ಎರಡಕ್ಕೆ ಬಿತ್ತು. ಎರಡನೆಯದರ ಅನುಪಾತ (ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿನ ಒಂದು ಸುತ್ತಿಗೆ ಎಂಜಿನ್ ತಿರುಗುವ ಸುತ್ತು) 1.90, ಮೂರನೆಯದು 1.28 ಇರುವ ಸಣ್ಣ ಪೆಟ್ರೋಲ್ ಕಾರಿನಲ್ಲಿ ಕ್ಲಚ್ ಬಿಟ್ಟ ಕ್ಷಣಕ್ಕೆ ಎಂಜಿನ್ ಸುಮಾರು 7,400ಕ್ಕೆ ಏರುತ್ತದೆ. ಎಂಜಿನ್ ದಾಟಬಾರದ ಮಿತಿ ತೋರಿಸುವ ಕೆಂಪು ಗೆರೆ ಇರುವುದು 6,000ದ ಆಸುಪಾಸಿನಲ್ಲಿ. ಎಂಜಿನ್ ಆ ಮಿತಿ ದಾಟದಂತೆ ತಡೆಯುವ ರೆವ್ ಲಿಮಿಟರ್ ಇಲ್ಲಿ ಕೈಕೊಡುತ್ತದೆ: ಅದು ಪೆಟ್ರೋಲ್ ನಿಲ್ಲಿಸಬಲ್ಲದು, ಆದರೆ ಈಗ ಎಂಜಿನನ್ನು ತಿರುಗಿಸುತ್ತಿರುವುದು ಚಕ್ರ.

ಆ ವೇಗದಲ್ಲಿ ಸ್ಪ್ರಿಂಗಿಗೆ ವಾಲ್ವನ್ನು (ಸಿಲಿಂಡರಿಗೆ ಗಾಳಿ ಬಿಡುವ, ಹೊಗೆ ಹೊರಬಿಡುವ ಬಾಗಿಲು) ಸಮಯಕ್ಕೆ ಮುಚ್ಚಲಾಗುವುದಿಲ್ಲ. ಮೇಲೆ ಬಂದ ಪಿಸ್ಟನ್ ತೆರೆದ ವಾಲ್ವಿಗೆ ಬಡಿದು ಅದು ಬಾಗುತ್ತದೆ. ಪಿಸ್ಟನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮತ್ತು ಅದರ ಬೋಲ್ಟ್ ಮೇಲಿನ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 6,000ದಲ್ಲಿ ಇದ್ದದ್ದರ ಒಂದೂವರೆ ಪಟ್ಟಾಗುತ್ತದೆ. ಡೀಸೆಲ್ ಎಂಜಿನಿನಲ್ಲಿ ವಾಲ್ವಿಗೂ ಪಿಸ್ಟನಿಗೂ ನಡುವೆ ಜಾಗ ಇನ್ನೂ ಕಡಿಮೆ, ಕೆಂಪು ಗೆರೆಯೂ ಕೆಳಗೆ, ಅಪಾಯ ಹೆಚ್ಚು.

ಕಾರು ಮುಗ್ಗರಿಸಿದ ಕೂಡಲೇ ಕ್ಲಚ್ ಪೂರ್ತಿ ಒತ್ತಿ. ಮಳೆಗಾಲದ ರಸ್ತೆಯಲ್ಲಿ ಮುಂದಿನ ಚಕ್ರ ಜಾರುವುದನ್ನೂ ಇದೇ ತಪ್ಪಿಸುತ್ತದೆ. ನ್ಯೂಟ್ರಲ್‌ಗೆ ತಂದು, ಹಜಾರ್ಡ್ ಲೈಟ್ ಹಾಕಿ ಬದಿಗೆ ಬನ್ನಿ. ಓಡುತ್ತಿರುವಾಗ ಕೀ ಆಫ್ ಮಾಡಬೇಡಿ, ಬ್ರೇಕ್ ಮತ್ತು ಸ್ಟೀರಿಂಗ್ ಗಟ್ಟಿಯಾಗುತ್ತವೆ. ನಿಂತ ಮೇಲೆ ಕಿವಿಗೊಡಿ. ಟಕ್ ಟಕ್ ಸದ್ದು, ನಡುಕ, ಮಿನುಗುವ ಎಂಜಿನ್ ಲೈಟ್ ಅಥವಾ ಆಯಿಲ್ ಲೈಟ್ ಕಂಡರೆ ಆಗಲೇ ಆಫ್. ತಾನಾಗಿ ನಿಂತಿದ್ದರೆ ಸೆಲ್ಫ್ ಹೊಡೆಯಬೇಡಿ, ತಳ್ಳಿ ಸ್ಟಾರ್ಟ್ ಮಾಡುವುದಂತೂ ಬೇಡವೇ ಬೇಡ. ಬಾಗಿದ ವಾಲ್ವಿನ ತಲೆ ತುಂಡಾಗಿ ಸಿಲಿಂಡರಿಗೆ ಬಿದ್ದರೆ ಪಿಸ್ಟನ್, ಹೆಡ್ (ವಾಲ್ವ್ ಕೂತಿರುವ ಎಂಜಿನಿನ ಮೇಲ್ಭಾಗ), ಬ್ಲಾಕ್ (ಸಿಲಿಂಡರ್ ಇರುವ ಭಾಗ) ಮೂರೂ ಹೋಗಬಹುದು. ಹೆಡ್ ಕೆಲಸದಲ್ಲಿ ಮುಗಿಯಬೇಕಾದದ್ದು ಎಂಜಿನ್ ಬದಲಾಯಿಸುವಲ್ಲಿಗೆ ಬರುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033 ಉಂಟು.

ಗ್ಯಾರೇಜಿನಲ್ಲಿ ಮೊದಲು ಎಲ್ಲ ಪ್ಲಗ್ ಬಿಚ್ಚಿಸಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ಎರಡು ಪೂರ್ತಿ ಸುತ್ತು ಕೈಯಿಂದ ತಿರುಗಿಸಲು ಹೇಳಿ. ತಡೆ ಸಿಕ್ಕಲ್ಲಿ ಬಲ ಹಾಕಬಾರದು. ಸರಾಗವಾಗಿ ತಿರುಗಿದರೆ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟ್: ಇಂಧನ, ಇಗ್ನಿಶನ್ ಎರಡನ್ನೂ ನಿಲ್ಲಿಸಿ, ಥ್ರಾಟಲ್ ಪೂರ್ತಿ ತೆರೆದು ಅಳೆಯಬೇಕು. ಒಂದೇ ಸಿಲಿಂಡರ್ ಸೊನ್ನೆಯ ಹತ್ತಿರ ತೋರಿಸಿ, ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟ ಮೇಲೂ ಒತ್ತಡ ಏರದಿದ್ದರೆ ಸಂಶಯ ವಾಲ್ವಿನ ಮೇಲೆ; ಏರಿದರೆ ಪಿಸ್ಟನ್ ಸುತ್ತಲಿನ ರಿಂಗ್ ಮೇಲೆ. ಆ ಸಿಲಿಂಡರಿನ ಎರಡೂ ವಾಲ್ವ್ ಮುಚ್ಚಿರುವಂತೆ ಪಿಸ್ಟನ್ ಮೇಲಿಟ್ಟು ಗಾಳಿ ತುಂಬಿದಾಗ ಏರ್ ಫಿಲ್ಟರ್ ಕಡೆ ಬುಸ್ಸೆಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಿನಲ್ಲಾದರೆ ಎಕ್ಸಾಸ್ಟ್. ಹೆಡ್ ಬಿಚ್ಚುವ ಮೊದಲೇ ಇಷ್ಟು ಗೊತ್ತಾಗುತ್ತದೆ.

ಒತ್ತಡ ಸರಿಯಿದ್ದರೂ ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ, ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಬೆಳ್ಳಿ ಅಥವಾ ತಾಮ್ರದ ಬಣ್ಣದ ಮಿನುಗು ಇದ್ದು ಅದು ಅಯಸ್ಕಾಂತಕ್ಕೆ ಅಂಟದಿದ್ದರೆ ಬೇರಿಂಗ್ ಸವೆದಿರಬಹುದು. ಸಂಪ್ (ಎಂಜಿನ್ ಅಡಿಯ ಆಯಿಲ್ ತಟ್ಟೆ) ಇಳಿಸಿ ನೋಡದೆ ಕಾರು ತರಬೇಡಿ.

ತಪ್ಪು ಹುಟ್ಟುವುದು ಹೆಚ್ಚಾಗಿ ಮುಷ್ಟಿ ಬಿಗಿದು ಎಳೆಯುವುದರಿಂದ. ನಮ್ಮ ಐದು ಗೇರಿನ ಕಾರುಗಳಲ್ಲಿ ನ್ಯೂಟ್ರಲ್‌ಗೆ ಬಂದ ಲಿವರನ್ನು ಸ್ಪ್ರಿಂಗ್ ತಾನೇ ಮೂರು-ನಾಲ್ಕರ ಸಾಲಿಗೆ ತರುತ್ತದೆ. ಹಾಗಾಗಿ ಮೂರರಿಂದ ನಾಲ್ಕಕ್ಕೆ ಬೆರಳ ತುದಿಯಿಂದ ನೇರ ಹಿಂದಕ್ಕೆಳೆದರೆ ಸಾಕು. ಐದರಿಂದ ನಾಲ್ಕಕ್ಕೆ ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ಕೈ ಸಡಿಲಿಸಿ, ಆಮೇಲೆ ಎಳೆಯಿರಿ. ಆಗುಂಬೆ ಘಾಟಿ ಇಳಿಯುವಾಗ ಬ್ರೇಕಿನಲ್ಲಿ ವೇಗ ತಗ್ಗಿಸಿದ ಮೇಲೆಯೇ ಎರಡಕ್ಕೆ ಹಾಕಿ. ಗೇರ್ ಎಂದಿಗಿಂತ ಗಟ್ಟಿಯಾಗಿ ಹೋದರೆ ಅದು ಸಿಂಕ್ರೊನೈಸರ್ (ಗೇರ್ ಕೂಡುವ ಮೊದಲು ವೇಗ ಹೊಂದಿಸುವ ಭಾಗ) ಕೊಡುವ ಎಚ್ಚರಿಕೆ. ಕ್ಲಚ್ ಇನ್ನೂ ಒತ್ತಿಯೇ ಇರುವವರೆಗೆ ಎಂಜಿನಿಗೆ ಏನೂ ಆಗಿರುವುದಿಲ್ಲ. ಲಿವರನ್ನು ನ್ಯೂಟ್ರಲ್‌ಗೆ ತನ್ನಿ.